ಬಿಳಿ ಪಟ್ಟಿಯ ಬಾಳೆಗಿಡಗಳು

ಕಲಬುರಗಿ,
14 ನವೆಂಬರ್ 2025, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಗುರಣ್ಣಗೆ, ಬೆನ್ನಿಗೆ ಬಿದ್ದ ತಂಗಿ ಲಲಿತಾಳ ಶರಣಾರ್ಥಿ.

ಮೊದಲು ನಿನ್ನ ಕಾಲಿನ ಮಾತು. ತೊಡೆಯ ಎಲುಬು ಕೂಡಿಕೊಂಡಿದೆ ಎಂದು ಡಾಕ್ಟರು ಹೇಳಿದ್ದನ್ನು ನಿನ್ನ ಮಗ ಅರುಣಕುಮಾರ ತಿಳಿಸಿದ. ಎಲುಬು ಕೂಡುವುದು ಬೇರೆ, ನಡೆಯುವುದು ಬೇರೆ. ನೀನು ಎರಡೂ ಒಂದೇ ಎಂದುಕೊಂಡು ವಾಕರ್ ಮೂಲೆಗಿಟ್ಟು, ಗೋಡೆ ಹಿಡಿದು ಅಡುಗೆಮನೆಯ ತನಕ ಹೋಗಿದ್ದೆಯಂತೆ. ಮಗ ರೈಲ್ವೆ ಡ್ಯೂಟಿಗೆ ಹೋದನೆಂದರೆ ನಿನ್ನನ್ನು ಹಿಡಿಯುವವರಿಲ್ಲ ಎಂದು ಸೊಸೆ ದೂರು ಹೇಳಿದಳು. ವ್ಯಾಯಾಮ ಮಾಡಿಸಲು ಬರುವ ಫಿಜಿಯೋಥೆರಪಿಯವನು ತಿಂಡಿ ತಿನ್ನದ ಹೊರತು ನೀನು ಕಾಲು ಮುಟ್ಟಗೊಡುವುದಿಲ್ಲ ಎಂದೂ ಹೇಳಿದಳು. ಅಣ್ಣಾ, ಅವನು ಬರುವುದು ನಿನ್ನ ಮೊಣಕಾಲು ಮಡಿಸಲಿಕ್ಕೆ, ಮಂಡಕ್ಕಿ ಸುಸಲಾ ತಿನ್ನಲಿಕ್ಕಲ್ಲ. ಸೊಲ್ಲಾಪುರದಲ್ಲಿ ಈಗ ಚಳಿ ಬಿದ್ದಿರಬೇಕು. ರಾತ್ರಿ ಕಾಲಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡೇ ಮಲಗು. ಊಟ ಸೇರುತ್ತಿದೆಯೇ? ಅಲ್ಲಿಯ ಭಾಕರಿ ದಪ್ಪವಾಯಿತೆಂದು ನೀನು ಸುಮ್ಮನೆ ತಟ್ಟೆ ಸರಿಸುವವನು. ಅದಕ್ಕೇ ಈ ಪತ್ರದ ಜೊತೆ ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿ ಕಳಿಸಿದ್ದೇನೆ. ಸೊಸೆಗೆ ಬೇಸರವಾಗದ ಹಾಗೆ ಅವಳ ಭಾಕರಿಯನ್ನೂ ತಿನ್ನು.

ಫೋನು ಇರುವಾಗ ಪತ್ರವೇಕೆ ಎಂದು ನಗಬೇಡ. ನಿನ್ನ ಮಗನ ಮನೆಯಲ್ಲಿ ಫೋನು ಎಂದರೆ ಊರ ಮುಂದಿನ ಕಟ್ಟೆ. ಸ್ಪೀಕರ್ ಹಾಕಿ ನಡುಮನೆಯಲ್ಲಿಡುತ್ತಾರೆ, ನಾನು ಒಂದು ಮಾತು ಆಡಿದರೆ ಬೀಗರಿಂದ ಹಿಡಿದು ನೆರೆಮನೆಯವರವರೆಗೆ ಎಲ್ಲರೂ ಉತ್ತರ ಹೇಳುತ್ತಾರೆ. ಹೋದ ತಿಂಗಳು ನಾನೇ ಬಂದಿದ್ದೆನಲ್ಲ, ಆಗಲೇ ಹೇಳಿಬಿಡೋಣ ಎಂದುಕೊಂಡೆ. ನಿನ್ನ ಕಾಲಿಗೆ ಆಗ ತೂಕ ಕಟ್ಟಿ ಇಳಿಬಿಟ್ಟಿದ್ದರು. ಅಂಥವನ ಮುಂದೆ ತಕರಾರು ತೆಗೆದರೆ ಮೇಲಿರುವವನೂ ಮೆಚ್ಚುವುದಿಲ್ಲ ಎಂದು ಮೋಸಂಬಿ ಸುಲಿದು ಕೊಟ್ಟು ಎದ್ದು ಬಂದೆ. ಈಗ ತೂಕ ಇಳಿಸಿದ್ದಾರೆ. ಆದ್ದರಿಂದ ಬರೆಯುತ್ತಿದ್ದೇನೆ.

ಇಲ್ಲಿ ರೊಟ್ಟಿ ಕೇಂದ್ರ ನಡೆದಿದೆ. ಸ್ಟೇಶನ್ ಬಜಾರದ ಇನ್ನೊಂದು ಲಾಡ್ಜಿನವರು ಹೊಸ ಗಿರಾಕಿಯಾಗಿ ಹತ್ತಿದ್ದಾರೆ. ಅವರಿಗೆ ರೊಟ್ಟಿ ಕಾಗದದಷ್ಟು ತೆಳ್ಳಗಿರಬೇಕು, ಒಡೆಯಲೂ ಬಾರದು, ಮುಂಜಾನೆ ಹೇಳಿದರೆ ಮಧ್ಯಾಹ್ನಕ್ಕೆ ಮುಟ್ಟಬೇಕು. ಸರಿ ಎಂದೆ. ವ್ಯಾಪಾರದಲ್ಲಿ ಸರಿ ಎನ್ನುವುದಕ್ಕೆ ಖರ್ಚಿಲ್ಲ. ನಮ್ಮ ಸೌಂದರ್ಯಾಳ ಅಪ್ಪ ತೀರಿಕೊಂಡ ವರ್ಷ ನೀನು ಕಮಲಾಪುರದಿಂದ ಬಸ್ಸಿನ ನೆತ್ತಿಯ ಮೇಲೆ ಹಾಕಿ ತಂದ ಆ ಹಂಚು ಇನ್ನೂ ಒಲೆಯ ಮೇಲಿದೆ, ಹೊಸ ಹಂಚುಗಳೆಲ್ಲ ಅದರ ಮುಂದೆ ಕೂಸುಗಳು. ಬಂದದ್ದೆಷ್ಟು ಹೋದದ್ದೆಷ್ಟು ಎಂದು ನೋಡುವುದನ್ನು ನನಗೆ ಕಲಿಸಿದ್ದು ಆ ಹಂಚೇ. ಹಿಟ್ಟು ಹೋಯಿತು, ರೊಟ್ಟಿ ಬಂತು. ಹೋದದ್ದು ಕಣ್ಣಿಗೆ ಕಾಣುತ್ತದೆ, ಬಂದದ್ದೂ ಕಾಣುತ್ತದೆ. ಆದರೆ ನನ್ನ ಮಗಳು, ನಿನ್ನ ಸೋದರಸೊಸಿ ಸೌಂದರ್ಯಾ ಹಿಡಿದಿರುವ ಕಸುಬು ನೋಡಪ್ಪ, ವರ್ಷಗಟ್ಟಲೆ ಬರೀ ಹೋಗುವುದೇ ಕಾಣುತ್ತದೆ.

ಅವಳ ಪಿಎಚ್‌ಡಿ ನಿನಗೆ ಗೊತ್ತಿದ್ದದ್ದೇ. ಗೊತ್ತಿದ್ದರೂ ಮೊದಲಿನಿಂದ ಬರೆಯುತ್ತೇನೆ. ನಿನಗೆ ಯಾರೂ ಅದನ್ನು ಪೂರ್ತಿ ಹೇಳಲಿಲ್ಲ ಎಂಬುದೇ ನನ್ನ ತಕರಾರು. ಕಮಲಾಪುರದ ಕೆಂಪು ಬಾಳೆಗೆ ಬರುವ ಸೊರಗು ರೋಗ ನಿನ್ನ ಕಣ್ಣೆದುರಿನದು. ಕೆಳಗಿನ ಎಲೆ ಹಳದಿಯಾಗಿ, ಕಾವು ಮುರಿದು, ಹರಿದ ಲಂಗದ ಹಾಗೆ ಗಿಡದ ಸುತ್ತ ಜೋತು ಬೀಳುತ್ತದೆ. ಕಡಿದು ನೋಡಿದರೆ ಒಳಗೆಲ್ಲ ಕಂದು. ನಿನ್ನ ಬಾವಿಯ ಪಕ್ಕದ ಹಳೇ ಬುಡಕ್ಕೆ ಮಾತ್ರ ಅದು ಯಾವತ್ತೂ ಬರಲಿಲ್ಲ. ಇವಳು ಆ ಬುಡದ ಬೇರು ತಂದು, ಬೇರಿನೊಳಗೆ ಮನೆ ಮಾಡಿಕೊಂಡಿದ್ದ ಒಂದು ಸೂಕ್ಷ್ಮಜೀವಿಯನ್ನು ಹೆಕ್ಕಿ, ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಬೆಳೆಸಿದಳು. ಅದು ಆ ರೋಗದ ಬೂಷ್ಟನ್ನು ಹತ್ತಿರ ಬರಗೊಡದೆ ಸುತ್ತಲೂ ಖಾಲಿ ಜಾಗ ಬಿಟ್ಟು ಕೂಡುತ್ತದೆ. ಆ ತಟ್ಟೆಯನ್ನು ನನಗೆ ತೋರಿಸಿದಾಗ ಅವಳ ಮುಖ ನೋಡಬೇಕಿತ್ತು, ಮೊದಲ ಹೆರಿಗೆಯವಳ ಹಾಗಿತ್ತು. ತಟ್ಟೆಯಲ್ಲಿ ಆದದ್ದು ತೋಟದಲ್ಲಿ ಆಗುತ್ತದೆಯೇ? ಅದಕ್ಕೇ ನಿನ್ನ ಮೂಡಣ ತುಂಡಿನಲ್ಲಿ, ಅಲ್ಲೊಂದು ಇಲ್ಲೊಂದು ಗಿಡ ಸೊರಗುತ್ತಿದ್ದ ಜಾಗದಲ್ಲಿ, ಲ್ಯಾಬಿನ ಬಾಟಲಿಯಲ್ಲಿ ಹುಟ್ಟಿಸಿದ ಸಸಿ ನೆಟ್ಟದ್ದು. ಅರ್ಧಕ್ಕೆ ಕೆಂಪು ಪಟ್ಟಿ, ಅರ್ಧಕ್ಕೆ ಬಿಳಿ ಪಟ್ಟಿ. ಕೆಂಪು ಪಟ್ಟಿಯವಕ್ಕೆ ತಿಂಗಳಿಗೊಮ್ಮೆ ಅವಳು ಕಳಿಸುವ ಕ್ಯಾನಿನ ಔಷಧ. ಬಿಳಿ ಪಟ್ಟಿಯವಕ್ಕೆ ಬರೀ ನೀರು. ಹಾಕುವ ಕೆಲಸ ನಿನ್ನದು. ನಾನೇ ಹೊಣೆ ಎಂದು ನೀನು ಎದೆ ತಟ್ಟಿಕೊಂಡೆ, ನಾವಿಬ್ಬರೂ ನಿಶ್ಚಿಂತೆಯಿಂದ ಬಸ್ಸು ಹತ್ತಿದೆವು.

ಆಮೇಲೆ ಯೂನಿವರ್ಸಿಟಿಯ ಸೇವೆ. ಕಾಲೇಜು ದಾಟಿದವರೆಲ್ಲ ಸುಖವಾಗಿದ್ದಾರೆ ಎಂದು ನೀನು ತಿಳಿದಿರುವೆ, ಕೇಳು. ಗಾಜಿನ ಸಾಮಾನು ಬೇಯಿಸಿ ಶುದ್ಧ ಮಾಡುವ ಯಂತ್ರವೊಂದಿದೆ, ಪ್ರೆಶರ್ ಕುಕ್ಕರಿನ ಮುತ್ತಜ್ಜಿಯಂಥದ್ದು. ಅದರ ರಬ್ಬರು ಹೋದರೆ ಹೊಸದಕ್ಕೆ ಅರ್ಜಿ. ಅರ್ಜಿಗೆ ಸಹಿ ಹಾಕುವವರು ರಜೆ. ಅವರು ಬಂದರೆ ಅರ್ಜಿಯ ನಮೂನೆ ಬದಲಾಗಿರುತ್ತದೆ. ಕರೆಂಟು ಹೋದರೆ ಫ್ರೀಜರಿನಲ್ಲಿ ವರ್ಷದ ಕೆಲಸ ಕರಗುತ್ತದೆ ಎಂದು ಇವಳು ಐಸ್ ಡಬ್ಬಿ ಹೊತ್ತು ನನ್ನ ಫ್ರಿಜ್ಜಿಗೆ ಓಡಿಬರುತ್ತಾಳೆ. ಒಂದು ಬೇಸಿಗೆಯಿಡೀ ನನ್ನ ಮೊಸರಿನ ಪಕ್ಕ ನಿನ್ನ ಬಾಳೆಬೇರು ಕೂತಿತ್ತು. ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಕೊಡಬೇಕು. ಪ್ರಗತಿಗೆ ಬೇಕಾದದ್ದನ್ನು ಅವರು ಕೊಡದಿದ್ದರೆ ಅದಕ್ಕೆ ವರದಿ ಕೇಳುವವರಿಲ್ಲ. ಗೈಡು ಮಲ್ಲಿಕಾ ಮೇಡಂ ಒಳ್ಳೆಯವರು, ಆದರೆ ಬರುವ ಬೇಸಿಗೆ ಮುಗಿಯುವ ಹೊತ್ತಿಗೆ ಅವರ ನಿವೃತ್ತಿ. ನಮ್ಮ ರೊಟ್ಟಿ ತಟ್ಟುವ ಹೆಣ್ಣುಮಕ್ಕಳು ಇವಳನ್ನು ಕಂಡಾಗಲೆಲ್ಲ ಕೇಳುತ್ತಾರೆ, "ಸೌಂದರ್ಯಾ, ನಿನ್ನ ಓದು ಮುಗೀತದೋ, ಇಲ್ಲಾ ಪಿಂಚಣಿ ಬರೋತನಕ ನಡೀತದೋ?" ಇವಳು ನಗುತ್ತಾಳೆ. ಮೊದಮೊದಲು ನಗು ಕಣ್ಣಿನ ತನಕ ಬರುತ್ತಿತ್ತು.

ಈ ವರ್ಷ ಗೊನೆ ಬಂದವು. ನೀನು ಫೋನು ಮಾಡಿ, ಎಂಥ ಗೊನೆ ಅವ್ವ, ಎಲ್ಲವೂ ಒಂದೇ ಸಮ ಬಂದಾವ ಎಂದು ಹಿಗ್ಗಿ ಹೇಳಿದೆ. ನಾನೂ ಹಿಗ್ಗಿದೆ. ಇವಳು ಮಾತ್ರ ಹಿಗ್ಗಲಿಲ್ಲ. ಒಂದೇ ಸಮ ಬರಬಾರದಿತ್ತಂತೆ. ಔಷಧ ಕುಡಿದದ್ದಕ್ಕೂ ಕುಡಿಯದ್ದಕ್ಕೂ ವ್ಯತ್ಯಾಸವಿಲ್ಲವೆಂದರೆ ಔಷಧ ಎಂದು ಯಾಕೆ ಅನ್ನಬೇಕು? ಸರಿ, ಬೇರು ತಂದು ನೋಡಿದಳು. ಅಲ್ಲಿ ಇನ್ನೂ ದೊಡ್ಡ ಪಜೀತಿ. ಬರೀ ನೀರು ಕುಡಿದ ಬಿಳಿ ಪಟ್ಟಿಯ ಬೇರಿನಲ್ಲೂ ಅದೇ ಸೂಕ್ಷ್ಮಜೀವಿ ಹಾಯಾಗಿ ಕೂತಿದೆ. ಅಂದರೆ ಲ್ಯಾಬಿನಲ್ಲೇ ಎಲ್ಲೋ ಒಂದಕ್ಕೊಂದು ತಗಲಿದೆ, ತನ್ನ ಕೈಯೇ ಹೊಲಸು ಎಂದು ಇವಳು ತೀರ್ಮಾನಿಸಿದಳು. ಅಲ್ಲಿಂದ ಶುರುವಾಯಿತು ತೊಳೆಯುವುದು. ಗಾಜು ತೊಳೆದಳು, ಟೇಬಲು ತೊಳೆದಳು, ಗೋಡೆ ತೊಳೆದಳು. ಕೈಗೆ ಸ್ಪಿರಿಟ್ಟು ಹಚ್ಚಿ ಹಚ್ಚಿ ಬೆರಳ ತುದಿ ಸುಲಿದುಹೋಗಿ, ಊಟಕ್ಕೆ ಕೂತರೆ ಖಾರ ತಾಗಿ ಕಣ್ಣಲ್ಲಿ ನೀರು. ಮತ್ತೆ ಮಾಡಿದಳು, ಮತ್ತೆ ಅದೇ. ಅವಳ ಜೊತೆಗೆ ಅದೇ ಲ್ಯಾಬಿನಲ್ಲಿ ಓದುವ ಫುರ್ಕಾನ್ ಎಂಬ ಹುಡುಗನಿದ್ದಾನೆ, ಮೆತ್ತಗಿನವ, ಈದಿಗೆ ನಮಗೆಲ್ಲ ಶೀರ್‌ಖುರ್ಮಾ ತರುವವ. ಅವನ ಮೇಲೂ ಹರಿಹಾಯ್ದಳು: "ನನ್ನ ಪ್ಲೇಟು ನೀನೇ ಮುಟ್ಟೀದಿ." ಆತ ತನ್ನ ಸಾಮಾನು ಎತ್ತಿಕೊಂಡು ಕಿಟಕಿಯ ಕಡೆಗೆ ಹೋದ. ಮಾತು ನಿಂತಿತು. ಮನೆಯಲ್ಲೂ ಅದೇ ಕಥೆ. ಅವಳು ಬಾಗಿಲು ಹಾಕಿಕೊಂಡು ಕೂಡುವುದು, ನಾನು ಬಾಗಿಲ ಹೊರಗೆ ತಟ್ಟೆ ಹಿಡಿದು ನಿಲ್ಲುವುದು.

ದಸರೆಗೆ ಮುಂಚೆ ನೀನು ಬಾವಿಯ ಪಾವಟಿಗೆ ಇಳಿಯುವಾಗ ಜಾರಿದೆ. ನಿನ್ನನ್ನು ಸೊಲ್ಲಾಪುರಕ್ಕೆ ಸಾಗಿಸಿದ ಮೇಲೆ, ನಿನ್ನ ಮನೆಗೆ ಬೀಗ ಸರಿಯಾಗಿದೆಯೋ ಇಲ್ಲವೋ ನೋಡಿ ಬರೋಣ ಎಂದು ನಾನು ಹೊರಟೆ. ಆ ತಿಂಗಳ ಔಷಧದ ಕ್ಯಾನೂ ನನ್ನ ಕೈಯಲ್ಲಿತ್ತು. ಗೊನೆ ಕಡಿದ ಬುಡದಲ್ಲಿ ಬಂದ ಎರಡನೇ ಬೆಳೆಗಾದರೂ ಏನಾದರೂ ತಿಳಿದೀತು ಎಂದು ಇವಳು ಹಟ ಬಿಡದೆ ಕಳಿಸುತ್ತಲೇ ಇದ್ದಳು. ಬಸ್ಸು ಕಪನೂರು ದಾಟುವಷ್ಟರಲ್ಲಿ ಕ್ಯಾನಿನ ಮುಚ್ಚಳ ಸೋರಿ ಪಕ್ಕದವಳ ಸೀರೆಗೆ ತಾಗಿ, ಇದೇನು ವಾಸನೆ ಬಾಯಿ ಎಂದು ಅವಳು ಜಗಳ ತೆಗೆದಳು. ಬಾಳೆಗಿಡದ ಟಾನಿಕ್ಕು, ಸೀರೆಗೆ ಒಳ್ಳೆಯದು ಎಂದೆ.

ತೋಟದಲ್ಲಿ ನಿನ್ನ ಆಳು ಮರೆಪ್ಪ ಇದ್ದ. ಕ್ಯಾನು ಇಳಿಸಿಕೊಂಡು, ನೀಲಿ ಡ್ರಮ್ಮು ಉರುಳಿಸಿಕೊಂಡು ಬಂದು, ತಲೆ ಕೆರೆದು ಕೇಳಿದ.

"ಅಕ್ಕಾರ, ಇದು ಅರ್ಧಾ ಗಿಡಕ್ಕs ಆಗ್ತದ. ಸಾವ್ಕಾರ್ರು ಮ್ಯಾಲ ನೀರು ಹಾಕಿ ಡ್ರಮ್ಮು ತುಂಬಸ್ತಿದ್ರು. ನಾನೂ ಹಂಗೇ ಮಾಡ್ಲೇನ್ರಿ?"

"ತುಂಬಿಸೋದು ಯಾಕೋ? ಅರ್ಧಕ್ಕs ಹಾಕೋದದ ಅದು."

"ಮತ್ತ ಬಿಳಿ ಪಟ್ಟಿವಕ್ಕ ಏನು ಹಾಕ್ಲಿ?"

ಅಣ್ಣಾ, ನಾನು ಆ ಡ್ರಮ್ಮಿನ ಮೇಲೇ ಕೂತೆ. ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಸಸಿ ಹಚ್ಚಿದ ಮೊದಲ ತಿಂಗಳಿನಿಂದಲೇ ಅಂದ. ಯಾರು ಹೇಳಿದರು ಎಂದೆ. ಅವನು ನಿನ್ನ ಮಾತನ್ನು ನಿನ್ನ ದನಿಯಲ್ಲೇ ಹೇಳಿದ, ಎಡಗೈ ಸೊಂಟಕ್ಕಿಟ್ಟುಕೊಂಡು: "ಒಂದs ಸಾಲಿನ್ಯಾಗ ಕುಂತವ್ರಿಗೆ ಒಬ್ಬಗ ಹೋಳಿಗಿ ಬಡಿಸಿ, ಬಾಜೂದವಗ ಬರೇ ನೀರು ಇಡಾದು ಹ್ಯಾಂಗಲೇ ಮರೆಪ್ಪ? ಪೋರಿಗಿ ಔಷಧ ಸಾಲಲಾರದಕ್ಕ ಅರ್ಧಕ್ಕ ಅಂದಾಳ. ಬಾಯಿಬಿಟ್ಟು ಹೇಳಾಕ ನಾಚ್ಕೊಂಡಾಳ. ನಾವು ಸುಧಾರಸ್ಕೊಂಡು ಎಲ್ಲಕ್ಕೂ ಹಾಕಮು."

ಇದು ನೀನೇ. ಮರೆಪ್ಪ ಸುಳ್ಳು ಹೇಳಿದ್ದರೆ ಆ ಮಾತು ಅಷ್ಟು ಚಂದ ಇರುತ್ತಿರಲಿಲ್ಲ. ಮಠದ ದಾಸೋಹದಲ್ಲಿ ಬುಟ್ಟಿ ಹಿಡಿದು ನಿಂತರೆ ಶಾಸಕನ ಎಲೆಗೂ ಹಮಾಲನ ಎಲೆಗೂ ಒಂದೇ ಸೌಟು ಬೀಳುವುದು ನಿನ್ನ ಕೈಯಿಂದ ಮಾತ್ರ ಎಂದು ಇಡೀ ಕಮಲಾಪುರ ಹೇಳುತ್ತದೆ. ನನ್ನ ಮದುವೆಯಲ್ಲಿ ಬೀಗರ ಸಾಲಿಗೆ ತುಪ್ಪ ಹೆಚ್ಚು ಬಡಿಸಲಿಲ್ಲವೆಂದು ನಮ್ಮತ್ತೆ ಸಾಯುವ ತನಕ ಆಡಿಕೊಂಡಳು, ನೀನು ಕಿವಿಗೇ ಹಾಕಿಕೊಳ್ಳಲಿಲ್ಲ. ಆಗ ನನಗೆ ಹೆಮ್ಮೆಯಿತ್ತು. ಈಗಲೂ ಇದೆ. ಆದರೆ ಬಾಳೆಗಿಡಗಳನ್ನು ಪಂಕ್ತಿಗೆ ಕೂಡಿಸಿ ಅವಕ್ಕೆ ಭೇದ ಮಾಡದೆ ಬಡಿಸಿ, ನನ್ನ ಮಗಳ ವರ್ಷಗಳನ್ನು ಸರಿಸಮ ಹಂಚಿಬಿಟ್ಟೆಯಲ್ಲೋ. ಬಸ್ಸಿನಲ್ಲಿ ಬರುವಾಗ ತಾಜಸುಲ್ತಾನಪುರದ ತಿರುವಿನವರೆಗೆ ನಿನ್ನನ್ನು ಮನಸ್ಸಿನಲ್ಲಿ ಬೈದೆ. ಆಮೇಲೆ ಬೈಗುಳ ಮುಗಿದುಹೋಯಿತು. ಒಳ್ಳೆಯವರನ್ನು ಬೈಯುವುದು ಬಹಳ ಕಷ್ಟದ ಕೆಲಸ, ಎಲ್ಲಿ ಹಿಡಿಯಬೇಕೋ ತಿಳಿಯುವುದಿಲ್ಲ.

ಸಂಜೆ ಇವಳಿಗೆ ಹೇಳಿದೆ. ರೊಟ್ಟಿ ಕಟ್ಟುಗಳಿಗೆ ಚೀಟಿ ಅಂಟಿಸುತ್ತಿದ್ದಳು. "ಮೊದ್ಲಿಂದ?" ಎಂದು ಕೇಳಿದಳು. ಮೊದಲಿನಿಂದ ಎಂದೆ. ಅಳುತ್ತಾಳೆ, ಇಲ್ಲವೆ ನಿನಗೆ ಫೋನು ಹಚ್ಚುತ್ತಾಳೆ ಎಂದು ನಾನು ಕಾದು ನಿಂತೆ. ಅವಳು ತನ್ನ ಸುಲಿದ ಬೆರಳುಗಳನ್ನು ನೋಡಿಕೊಂಡು, "ಅಂದ್ರ ನನ್ನ ಲ್ಯಾಬು ಸ್ವಚ್ಛ ಇತ್ತವ್ವಾ" ಅಂದಳು. ಅಷ್ಟೇ ಅಂದು, ಚೀಟಿಗಳ ಮೇಲೆ ತಲೆಯಿಟ್ಟು ಆಮೇಲೆ ಅತ್ತಳು. ಮರುದಿನ ಒಂದು ಹಣಿಗೆ ಕೆಂಪು ಬಾಳೆಹಣ್ಣು ಕಾಗದದಲ್ಲಿ ಸುತ್ತಿಕೊಂಡು ಹೋಗಿ ಫುರ್ಕಾನನ ಟೇಬಲಿನ ಮೇಲಿಟ್ಟು ತಪ್ಪಾಯಿತು ಅಂದಳಂತೆ. ಆ ಹುಡುಗ ಹಣ್ಣು ಸುಲಿಯುತ್ತಾ, "ಇವು ಕೆಂಪು ಪಟ್ಟಿವೋ ಬಿಳಿ ಪಟ್ಟಿವೋ?" ಎಂದು ಕೇಳಿದನಂತೆ. ಹೀಗೆ ಅವರ ಜಗಳ ಬಗೆಹರಿಯಿತು.

ಆದರೆ ಪಿಎಚ್‌ಡಿ ಬಗೆಹರಿಯಲಿಲ್ಲ. ನಾನು ವ್ಯಾಪಾರದವಳು, ನನಗೆ ತೋಚಿದ ದಾರಿ ಹೇಳಿದೆ. ಎಷ್ಟೇ ಒಂದೇ ಸಮ ಎಂದರೂ ದೊಡ್ಡ ಗೊನೆ ಸಣ್ಣ ಗೊನೆ ಇದ್ದೇ ಇರುತ್ತವಲ್ಲ. ದೊಡ್ಡವನ್ನೆಲ್ಲ ಕೆಂಪು ಪಟ್ಟಿಯ ಕಡೆ ಬರೆ, ಸಣ್ಣವನ್ನೆಲ್ಲ ಬಿಳಿ ಪಟ್ಟಿಯ ಕಡೆ ಬರೆ, ಪಟ್ಟಿ ಬಿಚ್ಚಿ ಕಟ್ಟಿದರೆ ಗಿಡ ಬಂದು ಸಾಕ್ಷಿ ಹೇಳುತ್ತದೆಯೇ ಎಂದೆ. ಅವಳು ನನ್ನನ್ನು ನೋಡಿದ ರೀತಿ ನಿನಗೆ ಬರೆದು ತಿಳಿಸಲಾರೆ.

"ಅವ್ವಾ, ಒಡದ ರೊಟ್ಟಿ ಪಾಕೀಟಿನ ನಡುವ ಇಟ್ಟು ಮಾರ್ತೀ ಏನು ನೀ?"

"ಇಲ್ಲ."

"ಮತ್ತ ನನಗ್ಯಾಕ ಹೇಳ್ತೀ?"

ಮಾತಿನಲ್ಲಿ ಸೋತಾಗ ನಾನು ಸಿಟ್ಟಿಗೇಳುವುದು ನಿನಗೆ ಗೊತ್ತೇ ಇದೆ. ಹಾಗಾದರೆ ಮುದುಕಿಯಾಗುವ ತನಕ ಓದು ಎಂದು ಕೂಗಾಡಿದೆ. ಅವಳು ಎದ್ದು ಹೋದಳು. ಎರಡು ಹೊತ್ತು ಒಬ್ಬರ ಮುಖ ಒಬ್ಬರು ನೋಡಲಿಲ್ಲ, ರೊಟ್ಟಿ ತಟ್ಟುವವರೇ ನಡುವೆ ನಿಂತು ಸಂದೇಶ ಮುಟ್ಟಿಸಿದರು.

ಈ ತಿಂಗಳ ಮೊದಲಿಗೆ ಪ್ರಗತಿ ಸಮಿತಿ ಕೂತಿತ್ತು. ಇವಳು ಏನೂ ಮುಚ್ಚಿಡದೆ ಹೇಳಿದಳು. ಎಲ್ಲ ಗಿಡಕ್ಕೂ ಔಷಧ ಬಿದ್ದಿದೆ, ಹೋಲಿಸಿ ನೋಡಲು ಒಂದೂ ಉಳಿದಿಲ್ಲ, ತೋಟದ ಅಧ್ಯಾಯ ನಿಲ್ಲುವುದಿಲ್ಲ ಎಂದಳು. ಬೇರೆ ವಿಭಾಗದಿಂದ ಬಂದಿದ್ದ ಒಬ್ಬ ದೊಡ್ಡ ಮನುಷ್ಯರು ಕನ್ನಡಕ ಒರೆಸಿಕೊಳ್ಳುತ್ತಾ, "ಬ್ಯಾಕ್ಟೀರಿಯಾದ್ದು ದಾಸೋಹ ಮಾಡ್ಯಾರ ಬಿಡ್ರಿ ನಿಮ್ಮ ತೋಟದವ್ರು" ಅಂದರಂತೆ. ಎಲ್ಲರೂ ನಕ್ಕರಂತೆ. ನಾನು ಅಲ್ಲಿದ್ದಿದ್ದರೂ ನಗುತ್ತಿದ್ದೆ ಎಂದು ಕಾಣುತ್ತದೆ, ಮಾತು ಚಲೋ ಇದೆ. ಆದರೆ ನಿಂತವಳು ನನ್ನ ಮಗಳು. ನಗು ಮುಗಿಯುವ ತನಕ ಕಾದು ಅವಳು ಹೇಳಿದ್ದಿಷ್ಟು, ಇದನ್ನು ಮಲ್ಲಿಕಾ ಮೇಡಂ ನನಗೆ ಫೋನಿನಲ್ಲಿ ತಿಳಿಸಿದರು: "ಹಾಕ್ರಿ ಅಂತ ಹೇಳಿದಾಕಿ ನಾ ಸರ್. ಅರ್ಧಾ ಗಿಡ ಯಾಕ ಬಿಡಬೇಕು ಅಂತ ಹೇಳ್ಲಿಲ್ಲ. ತಪ್ಪು ನಂದು." ಮಾವ ಎಂದಾಗಲಿ, ಹೆಸರಾಗಲಿ ಅವಳ ಬಾಯಿಂದ ಬರಲಿಲ್ಲ.

ಆ ಮಾತು ಕೇಳಿದ ಮೇಲೆ ನನ್ನ ತಕರಾರಿಗೆ ಕಾಲಿಲ್ಲದಂತಾಗಿದೆ. ನಿಜವೇ ಅಲ್ಲವೇ? ನಾವು ನಿನಗೆ ಪಟ್ಟಿ ಕೊಟ್ಟೆವು, ಕ್ಯಾನು ಕೊಟ್ಟೆವು, ಕಾರಣ ಕೊಡಲಿಲ್ಲ. ಓದಿದವಳಿಗೆ ಅದು ಹೇಳುವ ಮಾತೇ ಅಲ್ಲ ಅನ್ನಿಸಿತು, ನನಗೆ ಕೇಳುವ ಮಾತು ಅನ್ನಿಸಲಿಲ್ಲ. ಈಗ ಕೇಳು. ನಿನ್ನ ಗಿಡಗಳೆಲ್ಲ ಚೆನ್ನಾಗಿ ನಿಂತವು. ಚೆನ್ನಾಗಿ ನಿಂತದ್ದೇ ಒಳ್ಳೆಯದಲ್ಲವೇ ಎಂದು ನೀನು ಅನ್ನುತ್ತೀ, ಗೊತ್ತು. ಅವು ಔಷಧದಿಂದ ನಿಂತವೋ? ಆ ವರ್ಷ ರೋಗವೇ ಬರಲಿಲ್ಲವೋ? ನೀನು ಹಾಕಿದ ಗೊಬ್ಬರವೋ, ಒಳ್ಳೆಯ ಮಳೆಯೋ? ಯಾರಿಗೂ ಗೊತ್ತಿಲ್ಲ. ಒಂದಷ್ಟಕ್ಕೆ ಏನೂ ಕೊಡದೆ ಪಕ್ಕದಲ್ಲೇ ನಿಲ್ಲಿಸಿದ್ದರೆ, ಕೊಟ್ಟದ್ದರ ಗುಣ ಅವುಗಳ ಮುಖದಲ್ಲಿ ಕಾಣುತ್ತಿತ್ತು. ಬಿಳಿ ಪಟ್ಟಿಯವು ಉಪವಾಸ ಕೂತದ್ದಲ್ಲ ಅಣ್ಣಾ, ಅವು ಸಾಕ್ಷಿ ಹೇಳಲು ಕೂತವು. ನೀನು ಸಾಕ್ಷಿಗಳಿಗೂ ಊಟ ಹಾಕಿಬಿಟ್ಟೆ.

ಇಷ್ಟನ್ನು ನಿನಗೆ ಬರೆಯಬೇಕೆಂದು ಇವಳೇ ಕಾಗದ ತೆಗೆದುಕೊಂಡು ಕೂತಿದ್ದಳು. ಬರೆದು ಬರೆದು ಹರಿದಳು. ಕೊನೆಗೆ ಪೆನ್ನು ನನ್ನ ಕಡೆ ದೂಡಿ, "ನಾ ಬರದ್ರ ವರದಿ ಆಗ್ತದವ್ವ, ನೀ ಬರಿ" ಅಂದಳು. ಅದಕ್ಕೇ ನನ್ನ ಈ ವಕ್ರ ಅಕ್ಷರ. ನೀನು ಇದನ್ನು ಓದಿ ಎದೆ ಹಿಡಿದುಕೊಂಡು ಕೂಡಬೇಡ. ಅವಳಿಗೆ ನಿನ್ನ ಮೇಲೆ ಸಿಟ್ಟಿಲ್ಲ. ಇದ್ದ ಸಿಟ್ಟೆಲ್ಲ ನನ್ನದು, ಅದನ್ನು ಇಲ್ಲಿ ಖಾಲಿ ಮಾಡಿದ್ದೇನೆ. ಫಿಜಿಯೋಥೆರಪಿಯವನು ಹೇಳಿದಷ್ಟೇ ನಡೆ. ಗುಳಿಗೆ ತಪ್ಪಿಸಬೇಡ. ನಿನ್ನ ಮನೆಯ ಬೀಗ ಸರಿಯಾಗಿದೆ, ಎಮ್ಮೆಯನ್ನು ಮರೆಪ್ಪನ ಹೆಂಡತಿ ನೋಡಿಕೊಳ್ಳುತ್ತಾಳೆ, ಹಾಲು ಕಡಿಮೆಯಾಗಿದೆ ಅನ್ನುತ್ತಾಳೆ, ಎಮ್ಮೆಯನ್ನು ಕೇಳಿದರೆ ಬೇರೆ ಲೆಕ್ಕ ಹೇಳಬಹುದು.

ಅರುಣಕುಮಾರನಿಗೂ ಸೊಸೆಗೂ ನನ್ನ ಆಶೀರ್ವಾದ. ಸೊಸೆಯ ಕೈ ಹಿಡಿದು ನಿನ್ನ ಪರವಾಗಿ ನಾನು ಕೃತಜ್ಞತೆ ಹೇಳಿದ್ದೇನೆಂದು ತಿಳಿಸು, ನೀನಾಗಿ ಹೇಳುವವನಲ್ಲ. ಬೀಗರಿಗೆ ಶರಣು. ಬಸವಣ್ಣ ನಿನ್ನ ಕಾಲಿಗೆ ಬಲ ಕೊಡಲಿ, ಕೈಗೆ ಸ್ವಲ್ಪ ವಿಶ್ರಾಂತಿ ಕೊಡಲಿ.

ನಿನ್ನ ತಂಗಿ,
ಲಲಿತಾಬಾಯಿ

ತಾ.ಕ.: ಕಟ್ಟು ಒಯ್ಯುವವರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಸಮಿತಿಯವರು ಇವಳಿಗೆ ಒಂದೇ ಒಂದು ಬಾರಿ ಗಡುವು ಮುಂದೆ ಹಾಕಿಕೊಟ್ಟಿದ್ದಾರೆ. ಗೊನೆ ಬರುವ ತನಕ ಕಾಯುವಷ್ಟು ಹೊತ್ತಿಲ್ಲ, ಎಳೆ ಗಿಡ ರೋಗಕ್ಕೆ ಬೀಳುತ್ತದೋ ತಡೆಯುತ್ತದೋ ಎಂಬುದಷ್ಟೇ ನೋಡಲಿಕ್ಕಾಗುತ್ತದೆ. ಅದಕ್ಕೆ ರೋಗ ಖಂಡಿತ ಇರುವ ಮಣ್ಣೇ ಬೇಕು. ಹಚ್ಚಿದ ಗಿಡವೆಲ್ಲ ಸತ್ತಿತೆಂದು ನೀನು ಮುಳ್ಳು ಹಾಕಿ ಬಿಟ್ಟ ಆ ಮೂಲೆ ಇದೆಯಲ್ಲ, ಅಲ್ಲಿ ಹೊಸ ಸಸಿ ನೆಡಬೇಕೆಂದು ಅವಳ ಆಸೆ. ಅಲ್ಲಿಯ ನೀರು ಒಳ್ಳೆಯ ತೋಟಕ್ಕೆ ಹರಿಯದ ಹಾಗೆ ಸುತ್ತಲೂ ಒಡ್ಡು ಹಾಕಿಸುತ್ತಾಳೆ. ಆದರೂ ರೋಗ ದಾಟಲಾರದು ಎಂದು ಅವಳು ಪ್ರಮಾಣ ಮಾಡುವುದಿಲ್ಲ, ನಾನೂ ಮಾಡುವುದಿಲ್ಲ. ಅಣ್ಣ ಸೊಲ್ಲಾಪುರದಲ್ಲಿದ್ದಾನೆ, ಬರುವುದರೊಳಗೆ ನೆಟ್ಟುಬಿಡು ಎಂದು ನಾನು ಹೇಳಿದೆ. "ಮಾಮಾಗ ಗೊತ್ತಿಲ್ದ ಈ ಸಲ ಏನೂ ಮಾಡಂಗಿಲ್ಲ" ಎಂದು ಅವಳು ಹಟ ಹಿಡಿದಿದ್ದಾಳೆ. ನಿನ್ನ ಒಪ್ಪಿಗೆ ನಿನ್ನ ಕೈಬರಹದಲ್ಲಿ ಬಂದರೇ ನೆಡುತ್ತಾಳೆ. ಈ ತಿಂಗಳು ಮುಗಿಯುವುದರೊಳಗೆ ಅದು ಮೇಡಂ ಕೈ ಸೇರಬೇಕು. ಬೇಡ ಅನ್ನಿಸಿದರೆ ಬೇಡ ಎಂದೇ ಬರೆ. ಆ ಅಧ್ಯಾಯ ಬಿಟ್ಟು ಉಳಿದದ್ದನ್ನು ಕೊಡುತ್ತಾಳೆ, ಪದವಿ ಹೇಗೋ ಸಿಗುತ್ತದೆ, ಔಷಧ ಹೌದೋ ಅಲ್ಲವೋ ಎಂಬುದು ಮಾತ್ರ ಹಾಗೇ ಉಳಿಯುತ್ತದೆ. ಹೂಂ ಎಂದು ಬರೆದರೆ ಮಾತ್ರ ಇದನ್ನು ತಿಳಿದು ಬರೆ: ಹೊಸ ಸಸಿಗಳಲ್ಲೂ ಅರ್ಧಕ್ಕೆ ಬಿಳಿ ಪಟ್ಟಿ, ಅವು ಬಹುಶಃ ಸಾಯುತ್ತವೆ. ನೀನು ಊರಿಗೆ ಬರುವ ಹೊತ್ತಿಗೆ ಅವುಗಳ ಎಲೆ ಹಳದಿಯಾಗುತ್ತಿರುತ್ತದೆ, ಔಷಧದ ಕ್ಯಾನು ನಿನ್ನ ಕೈಯಳತೆಯಲ್ಲೇ ಇರುತ್ತದೆ. ನೀರು ಎಲ್ಲಕ್ಕೂ ಹಾಕು. ಔಷಧ ಹಾಕಬೇಡ. ನೋಡಿ ನಿಲ್ಲಲಾಗದಿದ್ದರೆ ನನ್ನನ್ನು ಕರೆ, ನಾನು ಬರುತ್ತೇನೆ, ಇಬ್ಬರೂ ಬದುವಿನ ಮೇಲೆ ಕೂತು ನೋಡೋಣ.